ವಿಮಾನದ ಅಕ್ಕೋರು ಮತ್ತು ಅಪ್ಪನ ತಕ್ಕಡಿ

ಮೊನ್ನೆ ಬೀದರದ ಚಿದ್ರಿಯ ತಿರುವಿನಲ್ಲಿ ಆಟೋದವನೊಬ್ಬ ಪೆಟ್ರೋಲು ಸುರಿಯುವಾಗ ಚೆಲ್ಲಿಕೊಂಡ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವಿಮಾನದ ಅಕ್ಕೋರು ನೆನಪಾದರು. ನಿಜಾಮರ ಆಳ್ವಿಕೆ ಮುಗಿಯುತ್ತ ಬಂದಿದ್ದ ಕಾಲ. ನಾನಿನ್ನೂ ಲಂಗದ ಹುಡುಗಿ. ಅವರು ಕೂತೆದ್ದ ಕಡೆಯೆಲ್ಲ ಇದೇ ವಾಸನೆ...

ಬೀದರದಲ್ಲೇ ಹುಟ್ಟಿ ಬೆಳೆದವರು. ಹೈದರಾಬಾದಿನಿಂದ ಮದ್ರಾಸಿಗೆ ಪ್ರಯಾಣಿಕರ ವಿಮಾನ ಹಾರಿಸುತ್ತಾರಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನಮ್ಮ ಭಾಲ್ಕಿಯಲ್ಲಿ ಅದನ್ನು ನಂಬಿದವರೇ ಇರಲಿಲ್ಲ. ರಜೆ ಸಿಕ್ಕಾಗಲೆಲ್ಲ ಭಾಲ್ಕಿ, ಔರಾದ ಸುತ್ತಿ, ಹುಡುಗಿಯರನ್ನು ಕೂಡಿಸಿ ಗಾಳಿ, ಮೋಡ, ದಿಕ್ಕು ಎಂದು ಪುಕ್ಕಟೆ ಪಾಠ ಹೇಳುತ್ತಾರೆಂದರೆ ಒಳಗೆ ಏನೋ ಸಂಚು ಇರಲೇಬೇಕು. ನಾನೂ ಹಾಗೇ ಅಂದುಕೊಂಡಿದ್ದೆ. ಅನುಮಾನ ನಮ್ಮ ಮನೆತನದ ಆಸ್ತಿ. ಆದರೂ ಪಾಠ ತಪ್ಪಿಸುತ್ತಿರಲಿಲ್ಲ. ನನಗೆ ಒಮ್ಮೆ ಮೇಲೆ ಹೋಗಬೇಕಿತ್ತು, ಅಷ್ಟೇ.

ಒಂದು ದಿನ ಅವರು ಅಪ್ಪನ ಕಾಳಿನ ಅಂಗಡಿಗೆ ಬಂದು ಜೋಳ ತೂಗುವ ದೊಡ್ಡ ತಕ್ಕಡಿ ಕೇಳಿದರು. ಪಾಠಕ್ಕೆಂದು ಚಿಂತಾಕಿ ಹಳ್ಳಿಯಿಂದ ಬಂದಿದ್ದ ಹುಡುಗಿಯನ್ನು ಮೊದಲು ಕೂರಿಸಿ ತೂಗಿದರು. ಆಮೇಲೆ ನನ್ನನ್ನು ಹತ್ತಿಸಿದರು. ಬಜಾರವೆಲ್ಲ ಅಂಗಡಿ ಮುಂದೆ ನೆರೆಯಿತು. ತಕ್ಕಡಿಗೆ ಹತ್ತುವುದು ಮಾರುವ ಮಾಲು. ಬೆಳೆದ ಹುಡುಗಿಯರನ್ನು ತೂಗಿದ್ದನ್ನು ನಮ್ಮ ಕಡೆ ಯಾರು ಕಂಡಿದ್ದರು?

"ಮನಷ್ಯಾರ್ನ ಯಾಕ ತೂಗ್ತೀರಿ ಅಕ್ಕೋರ?" ಎಂದ ಅಪ್ಪ.

"ಕ್ಲಬ್ಬಿನ ವಿಮಾನ, ಸಣ್ಣದು ಅದರಿ ಸಾವ್ಕಾರ್ರ. ಭಾರ ಗೊತ್ತಿಲ್ದ ಯಾರ್ನೂ ಕೂಡ್ಸಂಗಿಲ್ಲ. ಐತ್ವಾರ ಚಿದ್ರಿ ಮೈದಾನಕ್ಕ ತರ್ತೇನಿ. ಇವರ್ನ ಒಂದ್ ಸುತ್ತ ಮ್ಯಾಲ ಕರ್ಕೊಂಡ್ ಹೋಗ್ತೇನಿ."

ಅಪ್ಪ ನನ್ನ ರಟ್ಟೆ ಹಿಡಿದು ಕೆಳಗಿಳಿಸಿದ. ಮರುದಿನಕ್ಕೆ ಸುದ್ದಿ ಔರಾದ ಮುಟ್ಟಿತ್ತು: ಆಕಿ ಹುಡುಗಿಯರನ್ನು ತೂಕದ ಮೇಲೆ ಮಾರುತ್ತಾಳೆ, ಮುಂಬಯಿಯಲ್ಲಿ ಗಿರಾಕಿಗಳಿದ್ದಾರೆ, ಮೈಕೈ ತುಂಬಿಕೊಂಡವರಿಗೆ ರೇಟು ಜಾಸ್ತಿ... ನಾನು ಕಡ್ಡಿಯಂತಿದ್ದೆ. ಅದಕ್ಕೂ ನನಗೆ ಅವಮಾನವಾಯಿತು.

ಐತವಾರ ಮೈದಾನದ ತುಂಬ ಜನ, ಕೆಲವರ ಕೈಯಲ್ಲಿ ಬಡಿಗೆ. ಹುಡುಗಿಯರನ್ನು ಯಾರೂ ಮುಂದೆ ಬಿಡಲಿಲ್ಲ. ಚಿಂತಾಕಿಯ ಹುಡುಗಿಯ ಅವ್ವ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಮಗಳನ್ನು ತಾನೇ ವಿಮಾನದಲ್ಲಿ ಕೂರಿಸಿದಳು. ವಿಮಾನ ಕೋಟೆಯ ಆಚೆ ಮರೆಯಾದಾಗ, "ಹೋಯ್ತು ಪೋರಿ" ಎಂದರು ಹಿಂದಿನಿಂದ ಯಾರೋ. ಆದರೆ ಅದು ತಿರುಗಿ ಬಂತು. ಹುಡುಗಿ ಇಳಿದು, ವಾಂತಿ ಮಾಡಿಕೊಂಡು, ನಗತೊಡಗಿದಳು. ಅಕ್ಕೋರು ನನ್ನತ್ತ ಕೈ ಚಾಚಿದರು. "ಬಾ ತಂಗಿ, ನಿನ್ನ ಪಾಳಿ."

ನಾನು ಅಪ್ಪನ ಹಿಡಿತದಿಂದ ಕೊಸರಿದೆ. ಅಪ್ಪ ಬಿಡಲಿಲ್ಲ. "ಇವತ್ತ ತಿರುಗಿ ತಂದಾಳ, ನಂಬಿಕಿ ಬರ್ಲಿ ಅಂತ. ಇಷ್ಟೆಲ್ಲಾ ಪುಕಟ ಯಾರ್ ಮಾಡ್ತಾರ?" ಆ ಮಾತು ನನ್ನ ತಲೆಯಲ್ಲೂ ಕೂತುಬಿಟ್ಟಿತು. ಆಮೇಲೆ ಅಕ್ಕೋರು ಭಾಲ್ಕಿಗೆ ಬರಲಿಲ್ಲ. ನನಗೆ ಮದುವೆಯಾಯಿತು.

ಚಿಂತಾಕಿಯ ಹುಡುಗಿ ಅವರ ಕೈಕೆಳಗೇ ಕಲಿತು ತಾನೂ ವಿಮಾನ ಹಾರಿಸಿದಳು. ಇಬ್ಬರ ತಲೆಯೂ ನರೆತ ಮೇಲೆ ಬೀದರದ ಒಂದು ಮದುವೆಯಲ್ಲಿ ಸಿಕ್ಕಳು. ಅಕ್ಕೋರು ತೀರಿಹೋದ ಸುದ್ದಿ ಹೇಳಿದಳು. ಆಗಲೂ ನನಗೆ ತಡೆಯಲಾಗಲಿಲ್ಲ. "ಖರೇ ಹೇಳು, ನಮ್ಮಿಂದ ಅವರಿಗಿ ಏನ್ ಬೇಕಾಗಿತ್ತು?"

"ಏನಿಲ್ಲವ್ವಾ. ಮ್ಯಾಲ ತನ್ನಂಥಾಕಿ ಇನ್ನೊಬ್ಬಾಕಿ ಇಲ್ಲಂತ ಬ್ಯಾಸರ ಆಗಿತ್ತಂತ."

ಈಗ ನಮ್ಮ ಮನೆಯ ಮೇಲೆ ದಿನವೂ ವಿಮಾನಗಳು ಹಾದುಹೋಗುತ್ತವೆ. ಮೊಮ್ಮಗಳು ಟಿಕೆಟ್ ತೆಗೆಸುತ್ತೇನೆ ಎನ್ನುತ್ತಾಳೆ, ಬೇಡ ಎನ್ನುತ್ತೇನೆ. ಹೆದರಿಕೆಯಿಂದಲ್ಲ. ಅಕ್ಕೋರ ಪಕ್ಕದಲ್ಲಿ ಕೂತು ಹೋಗಬೇಕಿತ್ತು ನಾನು.