ಅಳೆಯುವ ಮೊದಲೇ ಬಂದಿದ್ದ ಗೆರೆ

ಇದು ಕಟ್ಟಿದ ಕತೆಯಲ್ಲ. ಕೇಳಿದವರೆಲ್ಲ ‘ನಿದ್ದೆಗೆಟ್ಟಿದ್ದೆ, ಅಷ್ಟೇ’ ಎಂದು ನಕ್ಕಿದ್ದಾರೆ. ನಗಲಿ. ಅನುಭವಿಸಿದವಳು ನಾನು.

ಲಂಡನ್ನಿನ ಒಂದು ನೆಲಮಾಳಿಗೆಯಲ್ಲಿ ನಮ್ಮ ಲೇಸರ್ ಲ್ಯಾಬ್. ರೆಪ್ಪೆ ಬಡಿಯುವುದೇ ಒಂದು ಯುಗ ಎನಿಸುವಷ್ಟು ಚಿಕ್ಕ ಮಿಂಚುಗಳು. ಮೊದಲನೆಯದು ಹರಳನ್ನು ತಟ್ಟಿ ಎಬ್ಬಿಸಬೇಕು, ಬೆನ್ನಿಗೇ ಬರುವ ಎರಡನೆಯದು ಒಳಗಿನ ಎಲೆಕ್ಟ್ರಾನ್‌ಗಳು ಹೇಗೆ ಚದುರಿದವೆಂದು ನೋಡಬೇಕು. ನೆಲದಡಿಯ ಟ್ಯೂಬ್ ರೈಲು ಓಡುತ್ತಿದ್ದರೆ ನೆಲ ನಡುಗಿ ಎಲ್ಲ ಹಾಳು. ಅದಕ್ಕೇ ರಾತ್ರಿ ಕೆಲಸ.

ಜೊತೆಗೆ ಮಂಗಳೂರಿನ ಲವೀನಾ. ಎರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಬೆಳಕು ಬಿಡುವ ಮುನ್ನ ನಾನು "ಕಣ್ಣು?" ಎಂದು ಕೂಗಬೇಕು. ಕಪ್ಪು ಪರದೆಯ ಆಚೆಯಿಂದ ಅವಳು "ಭದ್ರ, ಅಕ್ಕ!" ಎನ್ನಬೇಕು. ರಕ್ಷಣೆಯ ಕನ್ನಡಕ ಹಾಕಿದ್ದೇನೆ ಎಂದು ಅರ್ಥ. ಆಮೇಲಷ್ಟೇ ಗುಂಡಿ ಒತ್ತುವುದು.

ಆ ರಾತ್ರಿ ಜ್ವರವೆಂದು ಅವಳು ಕಿಂಗ್ಸ್‌ಬರಿಯ ಮನೆಯಲ್ಲೇ ಉಳಿದಳು. ಜ್ವರವಂತೆ ಜ್ವರ! ಎರಡೂವರೆ ಗಂಟೆ. ಪಂಪಿನ ಗುಂಯ್ ಸದ್ದು, ಕಾದ ಧೂಳಿನ ವಾಸನೆ... ಒಬ್ಬಳೇ ಇದ್ದರೂ ಅಭ್ಯಾಸಬಲದಿಂದ ಕೂಗಿದೆ.

"ಕಣ್ಣು?"

"ಭದ್ರ, ಅಕ್ಕ..."

ಪರದೆ ಸರಿಸಿದೆ. ಯಾರೂ ಇಲ್ಲ. ಮೇಜಿನ ಮೇಲೆ ಅವಳ ಕನ್ನಡಕ... ಗಾಜಿನ ಒಳಬದಿಯಲ್ಲಿ ಉಸಿರಿನ ಮಬ್ಬು ಇನ್ನೂ ಆರಿರಲಿಲ್ಲ.

ಓಡಿಹೋಗಬೇಕಿತ್ತು. ಆದರೆ ತಿಂಗಳ ಕೊನೆಗೆ ನನ್ನ ಕೆಲಸದ ಅವಧಿ ಮುಗಿಯುತ್ತಿತ್ತು, ಫಲಿತಾಂಶ ಬಂದರಷ್ಟೇ ಮುಂದುವರಿಕೆ. ದೇವರ ಹೆಸರು ಹೇಳಿ ಗುಂಡಿ ಒತ್ತಿದೆ. ಎಲೆಕ್ಟ್ರಾನ್‌ಗಳ ಚದುರಾಟ ತೋರಿಸುವ, ಎರಡು ವರ್ಷ ಕಾದಿದ್ದ ಗೆರೆ ಕಂಪ್ಯೂಟರಿನಲ್ಲಿ ಮೂಡಿಯೇಬಿಟ್ಟಿತು! ಅಳುತ್ತಾ ಅವಳಿಗೇ ಫೋನ್ ಮಾಡಿದೆ.

"ಬಂತು ಕಣೇ!"

"ನಾಳೆ ಮಾತಾಡುವ ಅಕ್ಕ."

ಬೆಳಿಗ್ಗೆ ಪ್ರೊಫೆಸರ್ ಎರಡು ಹಾಳೆ ಮುಂದಿಟ್ಟರು. ಒಂದು ನಾನು ರಾತ್ರಿಯೇ ಕಳಿಸಿದ್ದು. ಇನ್ನೊಂದು ಲವೀನಾ ಹಿಂದಿನ ದಿನವೇ ಕಳಿಸಿದ್ದು, ತನ್ನೊಬ್ಬಳ ಹೆಸರಿನಲ್ಲಿ! ಗೆರೆಯ ಸಣ್ಣಪುಟ್ಟ ನಡುಕಗಳೂ ಒಂದೇ. ಅವು ನೂರು ಸಲ ಅಳೆದರೂ ಹೊಂದುವಂಥವಲ್ಲ. ಅಂದ ಮೇಲೆ ಒಂದು ನಕಲು. ಅವಳದು ಮೊದಲು ಬಂದಿತ್ತು, ಹಾಗಾಗಿ ಕಳ್ಳಿ ನಾನು.

ಲವೀನಾ ಅಲ್ಲೇ ನಿಂತಿದ್ದಳು. ಒಂದು ಮಾತು ಸಾಕಿತ್ತು. ನೆಲ ನೋಡಿದಳು.

ಹೊರಗೆ ಕೈ ಹಿಡಿದು ನಿಲ್ಲಿಸಿದೆ. "ನಿಂಗೆಲ್ಲಿಂದ ಬಂತೇ ಅದು?"

ಅವಳು ಕೈ ಬಿಡಿಸಿಕೊಂಡಳು. "ಮೊನ್ನೆ ರಾತ್ರಿ ನಿಮಗೆ ಹೇಳದೆ ಬಂದಿದ್ದೆ ಅಕ್ಕ. ಎರಡೂವರೆಗೆ ನೀವು ಕೂಗಿದ್ರಿ... ನಾನು ಉತ್ತರ ಕೊಟ್ಟೆ. ಬೆಳಕು ಬಂತು. ಪರದೆ ಸರಿಸಿದ್ರೆ ನೀವಿಲ್ಲ, ಕಂಪ್ಯೂಟರಿನಲ್ಲಿ ಆ ಗೆರೆ ಮಾತ್ರ ಇತ್ತು."

ಮೊನ್ನೆ ರಾತ್ರಿ ನಾನು ಸಟನ್ನಿನ ಮನೆಯಲ್ಲಿ ಮಲಗಿದ್ದೆ.

"ಅದನ್ನ ಒಳಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಕೆಲಸವೂ ಹೋಗ್ತಿತ್ತಲ್ಲ ಅಕ್ಕ..."

ನನ್ನದು ಹೋಯಿತು. ಆ ದನಿ ಯಾರದು, ಆ ಗೆರೆ ಯಾರದು, ಇಂದಿಗೂ ಗೊತ್ತಿಲ್ಲ. ನೆನೆದರೆ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ಹೊಟ್ಟೆ ಉರಿಯುತ್ತದೆ. ಪ್ರತಿ ಕ್ರಿಸ್‌ಮಸ್‌ಗೆ ಅವಳು ಕುಸ್ವಾರ್ ತಿಂಡಿ ಕಳಿಸುತ್ತಾಳೆ. ನನ್ನ ಮಕ್ಕಳು "ಥ್ಯಾಂಕ್ ಯೂ ಆಂಟಿ" ಎಂದು ಮೆಸೇಜ್ ಹಾಕುತ್ತಾರೆ. ನಂಬಿದವಳೇ ಕತ್ತು ಕೊಯ್ದಳೆಂದು ಅವರಿಗೆ ಹೇಗೆ ಹೇಳಲಿ? ನಾನು ಆ ತಿಂಡಿ ಮುಟ್ಟುವುದಿಲ್ಲ. ಬಿಸಾಡಲೂ ಧೈರ್ಯವಿಲ್ಲ.