ನಾನು ನಕಲು ಮಾಡಿದ ಕೈವರಸೆ

ಬಾಗಲಕೋಟೆಯಲ್ಲಿ ನನ್ನ ಬಾಯಿಗೆ ಸಿಗದವರಿರಲಿಲ್ಲ. ಪ್ರಿನ್ಸಿಪಾಲರ ಕೆಮ್ಮು, ಬಾದಾಮಿಯ ಗೈಡುಗಳ ಇಂಗ್ಲಿಷು, ಇದ್ದ ನಾಲ್ಕು ಮೀಸೆ ಕೂದಲಿಗೆ ಎಣ್ಣೆ ತೀಡುವ ನನ್ನದೇ ಚಾಳಿ, ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದೆ.

ಪೇಟೆಯಲ್ಲಿ ಚೀನೀ ಮೂಲದ ಒಬ್ಬ ಹಲ್ಲಿನ ಡಾಕ್ಟರಿದ್ದರು. ಅವರ ತಂದೆ ಚೀನಾದಿಂದ ಕಲ್ಕತ್ತೆಗೆ ಬಂದವರು. ಜೊತೆಗೆ ತಂದದ್ದು ಮನೆತನದ ಒಂದು ಕೈವರಸೆ, ಹೊಡೆದಾಟದ ಪಟ್ಟುಗಳ ಒಂದು ಸಾಲು. ಡಾಕ್ಟರು ದಿನಾ ಬೆಳಿಗ್ಗೆ ಘಟಪ್ರಭೆಯ ದಂಡೆಯಲ್ಲಿ ಅದನ್ನು ಮಾಡುತ್ತಿದ್ದರು, ನೀರೊಳಗೆ ಕೈಯಾಡಿಸಿದಷ್ಟು ನಿಧಾನವಾಗಿ. ಮಗ ಕಲಿಯಲು ಒಲ್ಲೆ ಎಂದಿದ್ದ. ಈಜಲು ಹೋಗುತ್ತಿದ್ದ ನಾನು ನೋಡಿ ನೋಡಿಯೇ ಇಡೀ ವರಸೆಯನ್ನು ಕದ್ದೆ.

ಕರಾಟೆ ಸಿನಿಮಾಗಳ ಹುಚ್ಚಿನ ಕಾಲ ಅದು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಅದೇ ವರಸೆಗೆ ಕಿರುಚಾಟ ಸೇರಿಸಿ, ಹಲ್ಲು ಕೀಳುವಂತೆ ನಟಿಸಿ, ಜಾರಿ ಬಿದ್ದು ಆಡಿದೆ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಡಾಕ್ಟರು ಕೂತದ್ದು ನನಗೆ ಕಂಡಿತ್ತು.

ಮುಗಿದ ಮೇಲೆ ಅವರೇ ಹತ್ತಿರ ಬಂದರು. ಬೈಸಿಕೊಳ್ಳಲು ಸಿದ್ಧನಾದೆ.

"ಕೈ ಭಾಳ ಛಲೋ ಅದಾವು ನಿನ್ನವು. ಕಾಲು ತಪ್ಪತಾವು. ನಾಳೆ ಮುಂಜಾನೆ ಹೊಳಿಗೆ ಬಾ, ಕಲಸ್ತೇನಿ. ಇದು ನನ್ನ ಕೂಡನ ಸಾಯಬಾರದು."

ಸುತ್ತ ಗೆಳೆಯರು ನಿಂತಿದ್ದರು. ಕಣ್ಣು ಕಿರಿದು ಮಾಡಿ, ಅವರದೇ ದನಿಯಲ್ಲಿ, "ನಾಳೆ ಬಾ, ಹಲ್ಲು ಕೀಳ್ತೇನಿ" ಎಂದೆ.

"ಏ ಲೇ, ಅವರ ಮಾತಾಡಿದಂಗಾತಲ್ಲೋ!" ಗೆಳೆಯರು ಕೇಕೆ ಹಾಕಿದರು. ಡಾಕ್ಟರೂ ನಕ್ಕರು. ಮತ್ತೆಂದೂ ಕರೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಸುಡುತ್ತವೆ.

ಆ ಐಟಂ ಹುನಗುಂದ, ಬಾದಾಮಿಗೂ ಹೋಯಿತು. ಪ್ರತಿ ಸಲ ಒಂದೊಂದು ಹೊಸ ಮಂಗಾಟ ಸೇರುತ್ತಿತ್ತು.

ಕೆಲವು ವರ್ಷಗಳ ಮೇಲೆ, ನಾನು ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಅವರ ಮಗ ಹುಡುಕಿಕೊಂಡು ಬಂದ. ಡಾಕ್ಟರು ತೀರಿಕೊಂಡಿದ್ದರು.

"ಆ ವರಸಿ ಒಮ್ಮೆ ಮಾಡಿ ತೋರಸ್ರಿ. ತಮ್ಮನ್ನ ಬಿಟ್ರ ಅದು ಬರೋದು ನಿಮಗೊಬ್ಬರಿಗೇ ಅಂತ ಅಪ್ಪ ಹೇಳ್ತಿದ್ರು. ನಾ ಆಗ ಕಲೀಲಿಲ್ಲ."

ಅಂಗಡಿಯ ಹಿತ್ತಲಲ್ಲಿ ಶುರು ಮಾಡಿದೆ. ಅವನು ಹಿಂದೆ ನಿಂತು ಒಂದೊಂದನ್ನೂ ಶ್ರದ್ಧೆಯಿಂದ ಅನುಸರಿಸಿದ. ಅರ್ಧಕ್ಕೆ ಬಂದಾಗ ನಾನು ಕುಂಡಿ ಅಲ್ಲಾಡಿಸಿದೆ, ಅವನೂ ಅಲ್ಲಾಡಿಸಿದ. ಮುಖದಲ್ಲಿ ನಗುವಿರಲಿಲ್ಲ.

"ನಿಲ್ರಿ. ಇದು ನಿಮ್ಮಪ್ಪಂದಲ್ಲ. ಜನಾ ನಗಲಿ ಅಂತ ನಾ ಹಾಕಿದ್ದು."

"ಹಂಗಾರ ಇಲ್ಲಿ ಅವರು ಏನ್ ಮಾಡ್ತಿದ್ರು?"

ಕೈ ಎತ್ತಿದೆ, ಇಳಿಸಿದೆ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ನನ್ನ ಮಂಗಾಟಗಳೇ ಬಂದವು, ಅಲ್ಲಿದ್ದ ಅವರ ವರಸೆ ನೆನಪಾಗಲಿಲ್ಲ. ಅವನು ಎತ್ತಿದ ಕೈ ಇಳಿಸದೆ ಕಾಯುತ್ತಿದ್ದ.