ಹನ್ನೊಂದು ದಿನದ ಆಲಿಸ್ ಮತ್ತು ನಮ್ಮ ವಂಶವೃಕ್ಷ

ಹನ್ನೊಂದು ದಿನ ಬದುಕಿದ್ದ ಒಂದು ಹೆಣ್ಣುಕೂಸಿನ ಹೆಸರು ಓದಿ ನನಗೆ ಸಿಟ್ಟು ಬಂತು. ಅಳು ಬರಬೇಕಿತ್ತು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಡೊರೊಥಿಗೆ ಅಳುವೇ ಬಂದಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಒಂದು ಹಳೇ ಗಿರಣಿ ಊರಿನ ಲೈಬ್ರರಿ ಅದು. ಕಂಪ್ಯೂಟರ್ ಪರದೆಯ ಮೇಲೆ ನೂರೈವತ್ತು ವರ್ಷ ಹಿಂದಿನ ಚರ್ಚಿನ ಸಮಾಧಿ ಪುಸ್ತಕದ ಒಂದು ಪುಟ. ಹೆಸರು ಆಲಿಸ್, ಇಂಥ ಬೀದಿ, ವಯಸ್ಸು ಹನ್ನೊಂದು ದಿನ ಎಂದು ಓರೆ ಅಕ್ಷರದಲ್ಲಿ ಬರೆದಿತ್ತು. ಹತ್ತಿ ಗಿರಣಿಯ ಕೂಲಿಯವರ ಮಗು. ಅದಕ್ಕೂ ಪೂರ್ತಿ ಒಂದು ಸಾಲು ಕೊಟ್ಟಿದ್ದರು.

ಅವತ್ತು ಬೆಳಿಗ್ಗೆ ತಾನೇ ಊರಿನಿಂದ ನನ್ನ ತಮ್ಮ ಒಂದು ಕಾಗದದ ಫೋಟೋ ಕಳಿಸಿದ್ದ. ಅದು ನಮ್ಮ ಮನೆಯ ವಂಶವೃಕ್ಷ. ಅದರಲ್ಲಿ ನಾನಿರಲಿಲ್ಲ.

ನಾನು ನಂಜನಗೂಡು ತಾಲ್ಲೂಕಿನ ಹೆಡತಲೆಯವಳು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಎಂಟು ವರ್ಷ ಆಸ್ಪತ್ರೆಗಳಲ್ಲಿ ದುಡಿದು, ಈಗ ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸು. ಬಂದ ಹೊಸತರಲ್ಲಿ ಮೂರು ಕಡೆ ಬಾಡಿಗೆ ಮನೆ ಸಿಗಲಿಲ್ಲ. ಮೈಸೂರಿನಲ್ಲಿ ಮನೆ ಕೇಳಲು ಹೋದರೆ ‘ನೀವು ಯಾವ ಜನ’ ಅನ್ನುತ್ತಿದ್ದರು. ಇಲ್ಲಿ ಅದನ್ನು ಕೇಳುವುದಿಲ್ಲ, ‘ಅಡುಗೆ ಘಾಟು ಜೋರಿರುತ್ತದೆಯೇ’ ಅಂತ ನಗುನಗುತ್ತಾ ಕೇಳುತ್ತಾರೆ. ನನ್ನ ಕಿವಿಗೆ ಎರಡೂ ಒಂದೇ ಪ್ರಶ್ನೆ. ನಾಲ್ಕನೆಯವನು ಕೊಟ್ಟದ್ದು ಹಿಂದಿನ ಕಾಲದ ಗಿರಣಿ ಕೂಲಿಗಳ ಸಾಲುಮನೆಯ ಮಹಡಿ ಕೋಣೆ. ಎರಡು ಮನೆಗೆ ನಡುವೆ ಒಂದೇ ಗೋಡೆ, ಹಿಂದೆ ಒಬ್ಬರು ಹೋಗುವಷ್ಟು ಸಂದಿ. ಆ ಸಂದಿಗೆ ಇವರು ಜಿನ್ನೆಲ್ ಅನ್ನುತ್ತಾರೆ. ನಮ್ಮ ಕೇರಿಯಲ್ಲೂ ಇಂಥವೇ ಸಂದಿಗಳಿವೆ, ಆದರೆ ಹಾದುಹೋಗುವವರು ಬಾಗಿಲಲ್ಲಿ ಇಣುಕಿ ‘ಉಂಡ್ಯಾವ್ವ’ ಅಂತ ಕೇಳದೆ ಮುಂದೆ ಹೋಗುವುದಿಲ್ಲ. ಇಲ್ಲಿ ಮೂರು ತಿಂಗಳ ತನಕ ನನಗೆ ಪಕ್ಕದ ಮನೆಯವನ ಕೆಮ್ಮು ಮಾತ್ರ ಪರಿಚಯವಿತ್ತು. ಅದು ಕೇಳಿಸದ ದಿನ ನನಗೇ ಗಾಬರಿಯಾಗುತ್ತಿತ್ತು.

ಭಾಷೆ ಇನ್ನೊಂದು ಕಥೆ. ಪರೀಕ್ಷೆ ಬರೆದು ಪಾಸಾಗಿ ಬಂದ ನನ್ನ ಇಂಗ್ಲಿಷು ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಚಹಾಕ್ಕೆ ಬ್ರೂ ಅನ್ನುತ್ತಾರೆ. ಗುರುತಿಲ್ಲದವರನ್ನೂ ‘ಲವ್’ ಅಂತ ಕರೆಯುತ್ತಾರೆ, ನಮ್ಮವರು ಅವ್ವ, ಕಂದ ಅಂದಂತೆ. ಹಳೇ ತಲೆಗಳು ಪದದ ಶುರುವಿನ ಹಕಾರವನ್ನು ನುಂಗಿಬಿಡುತ್ತಾರೆ. ‘ಹೌಸ್’ ಇವರಿಗೆ ‘ಔಸ್’. ಅದನ್ನು ಮೊದಲು ಕೇಳಿದ ದಿನ ನಾನು ಡ್ಯೂಟಿಯಲ್ಲೇ ಗಟ್ಟಿಯಾಗಿ ನಕ್ಕೆ. ಹೆಡತಲೆಯನ್ನು ಎಡತಲೆ ಅನ್ನುವ ಜನರ ನಡುವೆ ಬೆಳೆದವಳಿಗೆ ಇದಕ್ಕಿಂತ ಸಮಾಧಾನ ಇನ್ನೇನು ಬೇಕು? ಮ್ಯಾಂಚೆಸ್ಟರಿನ ಒಂದು ಅಂಗಡಿಯಲ್ಲಿ ರಾಗಿಹಿಟ್ಟು ಸಿಕ್ಕಿತು. ಲಟ್ಟಣಿಗೆಯಲ್ಲಿ ತಿರುವಿ ಗಂಟಿಲ್ಲದ ಮುದ್ದೆ ಮಾಡಿದ ಭಾನುವಾರ, ಈ ಊರನ್ನು ಗೆದ್ದೆ ಅಂದುಕೊಂಡಿದ್ದೆ.

ಡೊರೊಥಿ ಎಂಬತ್ತೈದು ದಾಟಿದ ಅಜ್ಜಿ. ನಮ್ಮ ಆರೈಕೆ ಮನೆಯಲ್ಲಿ ಎಂಟನೇ ಕೋಣೆಯವಳು. ಅವಳ ಮುತ್ತಜ್ಜಿ ಎಲೆನ್ ಇದೇ ಊರಿನ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದಳು. ಎಲೆನ್‌ಳ ಮಕ್ಕಳಲ್ಲಿ ಒಬ್ಬಳಾದ ಡೊರೊಥಿಯ ಅಜ್ಜಿ, ‘ನಾವು ಒಂಬತ್ತು ಜನ’ ಅನ್ನುತ್ತಿದ್ದಳಂತೆ. ಮನೆಯವರಿಗೆ ಗೊತ್ತಿದ್ದದ್ದು ಎಂಟೇ ಹೆಸರು. ಆ ಒಂಬತ್ತನೆಯದು ಯಾರೆಂದು ತಿಳಿದುಕೊಂಡೇ ಸಾಯಬೇಕು ಅಂತ ಡೊರೊಥಿಯ ಹಟ. ಅವಳ ಕಣ್ಣು ಮಂಜು, ಮಕ್ಕಳಿಗೆ ಪುರುಸೊತ್ತಿಲ್ಲ. ನನ್ನ ರಜೆಯ ದಿನಗಳಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಲೈಬ್ರರಿಗೆ ಹೋಗತೊಡಗಿದೆ. ಅವಳಿಗಾಗಿ ಅಂದರೆ ಸುಳ್ಳಾಗುತ್ತದೆ. ರಜೆಯ ದಿನ ಮಾತಾಡಲು ನನಗೂ ಯಾರೂ ಇರಲಿಲ್ಲ.

ಜನಗಣತಿಯ ಹಾಳೆಗಳನ್ನು ಒಂದೊಂದಾಗಿ ತೆರೆದೆವು. ಹತ್ತು ವರ್ಷಕ್ಕೊಂದು ಸಲ ಒಬ್ಬ ಗುಮಾಸ್ತ ಆ ಬೀದಿಯ ಪ್ರತಿ ಮನೆಗೂ ಬಂದು ಹೋಗಿದ್ದಾನೆ. ಗಂಡನ ಹೆಸರು, ಹೆಂಡತಿಯ ಹೆಸರು, ಪ್ರತಿ ಮಗುವಿನ ಹೆಸರು, ವಯಸ್ಸು, ಕಸುಬು. ಹನ್ನೊಂದು ವರ್ಷದ ಹುಡುಗಿಯ ಎದುರು ‘ಅರ್ಧ ದಿನ ಗಿರಣಿ’ ಎಂದಿದೆ. ಮದುವೆ ಪುಸ್ತಕದಲ್ಲಿ ಎಲೆನ್ ಸಹಿಯ ಜಾಗದಲ್ಲಿ ಕತ್ತರಿ ಗುರುತು ಹಾಕಿದ್ದಾಳೆ, ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಆದರೂ ಇದ್ದಾಳೆ! ಒಂಬತ್ತನೆಯದು ಎರಡು ಗಣತಿಗಳ ನಡುವೆ ಹುಟ್ಟಿ ಸತ್ತಿದ್ದರಿಂದ ಅಲ್ಲಿ ಸಿಗಲಿಲ್ಲ, ಸಮಾಧಿ ಪುಸ್ತಕದಲ್ಲಿ ಸಿಕ್ಕಿತು. ನಾನು ಗಟ್ಟಿಯಾಗಿ ಓದಿದೆ. ಡೊರೊಥಿ ‘ಆಲಿಸ್, ಆಲಿಸ್’ ಅಂತ ಎರಡು ಸಲ ಅಂದುಕೊಂಡು ಕರವಸ್ತ್ರ ತೆಗೆದಳು. ‘ನಿಮ್ಮವರು ಒಬ್ಬರನ್ನೂ ಬಿಟ್ಟಿಲ್ಲ’ ಅಂದೆ. ‘ಬರೆದುಕೊಂಡದ್ದೇನೋ ನಿಜ ಲವ್, ಆ ಕೂಸಿಗೆ ಹಾಲು ಕೊಟ್ಟರಾ?’ ಅಂದಳು.

ಮಧ್ಯಾಹ್ನ ಕೋಣೆಗೆ ಬಂದವಳೇ ತಮ್ಮ ಸಿದ್ದರಾಜುಗೆ ಫೋನು ಹಚ್ಚಿದೆ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ತಾತನಿಗೆ ಸರ್ಕಾರದಿಂದ ಮಂಜೂರಾಗಿ ಅಪ್ಪನಿಗೆ ಬಂದ ಎರಡೆಕರೆ ಜಮೀನಿಗೆ ಪೌತಿ ಖಾತೆ ಆಗಬೇಕು, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಬೇಕು. ಅದಕ್ಕೆ ವಂಶವೃಕ್ಷ ಬೇಕು. ಇವನು ಅಮ್ಮನ ಹೆಸರು, ತನ್ನ ಹೆಸರು ಬರೆಸಿ ನಾಡಕಚೇರಿಗೆ ಅರ್ಜಿ ಕೊಟ್ಟಿದ್ದ. ಮುಚ್ಚಿಟ್ಟುಕೊಂಡೂ ಇರಲಿಲ್ಲ, ನೋಡಿ ಖುಷಿಪಡಲಿ ಅಂತ ನನಗೇ ಕಳಿಸಿದ್ದ!

‘ನನ್ನ ಎಸ್ರೆಲ್ಲೋ?’

‘ನೀನು ಫಾರಿನ್ನಲ್ಲಿದ್ದೀಯ ಕಣಕ್ಕ. ನಿನ್ನ ಎಸ್ರು ಆಕುದ್ರೆ ನಿನ್ನ ಸೈನು ಬೇಕಾಯ್ತದೆ. ಅದ್ಯಾಕೆ ರಗಳೆ ಅಂತ ಬುಟ್ಬುಟ್ಟೊ.’

‘ನಾನೇನು ಸತ್ತೋಗಿದ್ದೀನೇನ್ಲಾ?’

‘ಅಂಗ್ಯಾಕಂದೀಯೆ? ಪೇಪರ್ನಲ್ಲಿ ತಾನೆ ಇಲ್ಲ, ಮನೇಲಿ ಇದ್ದೀಯಲ್ಲ. ತಾತ ಸತ್ತಾಗ ಅತ್ತೆ ಎಸ್ರೂ ಬುಟ್ಟಿರ್ನಿಲ್ವಾ? ಅವ್ಳೇನಾರ ಕೇಳುದ್ಲಾ?’

ಫೋನು ಇಟ್ಟುಬಿಟ್ಟೆ. ನಮ್ಮ ಮನೆಯ ನಡುಗೋಡೆಯಲ್ಲಿ ಬುದ್ಧನ ಪಟವಿದೆ. ಮೇಲು ಕೀಳು ಬೇಡ ಅಂತ ಅಪ್ಪ ಹಳೇ ದೇವರನ್ನೆಲ್ಲ ಇಳಿಸಿ ಅದನ್ನು ತಂದು ಹಾಕಿದ್ದ. ಗೌಡರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಗ ಈ ಸಿದ್ದರಾಜು ಸ್ವಾಭಿಮಾನದ ಬಗ್ಗೆ ಭಾಷಣ ಮಾಡುತ್ತಾನೆ, ಕಾಗದದ ಮುಂದೆ ಕೂತರೆ ಮನೆಯ ಹೆಣ್ಣುಮಕ್ಕಳನ್ನು ಒರೆಸಿಹಾಕುತ್ತಾನೆ. ಆ ಜಮೀನಿನ ಕೊಳವೆಬಾವಿಗೆ ನನ್ನ ಸಂಬಳ ಹೋಗುವಾಗ ನಾನು ಫಾರಿನ್ನಲ್ಲಿರುವುದು ಯಾರಿಗೂ ಅಡ್ಡ ಬರಲಿಲ್ಲ.

ಮಾರನೆಯ ದಿನ ಪುಟ್ಟಮ್ಮತ್ತೆಗೆ ಫೋನು ಮಾಡಿದೆ. ಅಪ್ಪನ ಅಕ್ಕ ಅವಳು, ತಿ. ನರಸೀಪುರ ತಾಲ್ಲೂಕಿನ ಮೂಗೂರಿಗೆ ಮದುವೆಯಾಗಿ ಹೋದವಳು. ಹುಡುಗಿಯಾಗಿದ್ದಾಗ ನಮ್ಮೂರ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದಳು, ಈಗಲೂ ಮೂಗೂರಿನಲ್ಲಿ ನಾಟಿ ಕೆಲಸಕ್ಕೆ ಹೋಗುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ಅಂತ ಒಂದು ಗುಂಟೆ ನೆಲವೂ ಇಲ್ಲ. ನಾನು ಅವಳ ಪರವಾಗಿ ನಿಂತಿರುವ ಹುಮ್ಮಸ್ಸಿನಲ್ಲಿದ್ದೆ. ‘ತಾತ ಸತ್ತಾಗ ನಿನ್ನನ್ನೂ ಬುಟ್ಟಿದ್ರಂತಲ್ಲತ್ತೆ. ಇಬ್ರೂ ಸೇರಿ ತಕರಾರು ಅರ್ಜಿ ಆಕವ’ ಅಂದೆ.

ಅತ್ತೆ ನನ್ನ ಮಾತನ್ನೇ ಹಿಡಿದಳು.

‘ಬುಟ್ಟಿದ್ರು ಅಂತೀಯಲ್ಲ, ಅದ ಬರ್ದೋಳು ನೀನೇ ಕಣವ್ವ. ಜಗ್ಲಿ ಮ್ಯಾಲೆ ಕುಂತ್ಕಂಡು ಬರ್ದ್ಯಲ್ಲ. ನಾನು ನಿನ್ನ ಪಕ್ಕದಲ್ಲೇ ಕುಂತಿದ್ದೆ. ನಮ್ಮುಡ್ಗಿ ಎಷ್ಟು ಚೆಂದಾಗಿ ಬರೀತಾಳೆ ಅಂತ ನೋಡ್ತಿದ್ದೆ. ನಂಗೆ ಓದಕ್ಕೆಲ್ಲಿ ಬಂದದು? ಅದ್ರಲ್ಲಿ ನನ್ನ ಎಸ್ರೂ ಅದೆ ಅನ್ಕಂಡಿದ್ದೆ.’

ಆಗ ಎಲ್ಲ ನೆನಪಾಯಿತು. ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದೆ, ಮನೆಯಲ್ಲಿ ಒಳ್ಳೆಯ ಅಕ್ಷರ ಅಂದರೆ ನನ್ನದೇ. ಅಪ್ಪ ಛಾಪಾ ಕಾಗದ ತಂದುಕೊಟ್ಟು, ‘ಅತ್ತೆ ಎಸ್ರು ಬ್ಯಾಡ, ಅವ್ಳು ಮೂಗೂರ ಲೆಕ್ಕ’ ಅಂತ ಕಿವಿಯಲ್ಲಿ ಹೇಳಿದ್ದ. ಸ್ಕೇಲಿಟ್ಟು ಗೆರೆ ಎಳೆದೆ. ತಾತನ ಕೆಳಗೆ ಅಪ್ಪ ಒಬ್ಬನೇ. ಅವನ ಅಕ್ಕನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅಕ್ಷರ ಸೊಟ್ಟಗಾದೀತು ಅನ್ನುವುದು ಬಿಟ್ಟರೆ ನನಗೆ ಇನ್ಯಾವ ಅಳುಕೂ ಇರಲಿಲ್ಲ. ಸಿದ್ದರಾಜುವಿನ ಮೇಲೆ ಸಿಟ್ಟು ಮಾಡಲು ನನಗೇನು ಹಕ್ಕಿದೆ ಅಂತ ಆ ಮಧ್ಯಾಹ್ನವೆಲ್ಲ ನನ್ನನ್ನೇ ಬೈದುಕೊಂಡೆ. ಸಿಟ್ಟೇನೂ ಇಳಿಯಲಿಲ್ಲ.

ಡೊರೊಥಿಗೆ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. ‘ಹಾಗಾದರೆ ಮತ್ತೆ ಬರಿ ಲವ್. ಪೆನ್ನು ಇದೆಯಾ?’ ಅಂದಳು.

ಬರೆದೆ. ಅದೇ ಸ್ಕೇಲು ಗೆರೆ, ಅದೇ ಅಕ್ಷರ. ತಾತನ ಕೆಳಗೆ ಮೊದಲು ಪುಟ್ಟಮ್ಮ, ಆಮೇಲೆ ಅಪ್ಪ. ಅಪ್ಪನ ಕೆಳಗೆ ಅಮ್ಮ, ನಾನು, ಸಿದ್ದರಾಜು. ಅಂದು ಅತ್ತೆಯ ಹೆಸರು ಬಿಟ್ಟು ಬರೆದವಳು ನಾನೇ ಅಂತ ಕೆಳಗೆ ಸೇರಿಸಿ, ಸಹಿ ಹಾಕಿ, ತಕರಾರು ಅರ್ಜಿಯ ಜೊತೆ ನಾಡಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಖಾತೆ ಸದ್ಯಕ್ಕೆ ನಿಂತಿದೆಯಂತೆ. ಹಳೆಯದನ್ನು ತಿದ್ದುವುದು ಸುಲಭವಲ್ಲ ಅನ್ನುತ್ತಾರೆ. ‘ಇನ್ನು ಈ ಮನೆ ಬಾಗ್ಲಿಗೆ ಬರ್ಬ್ಯಾಡ’ ಅಂತ ಸಿದ್ದರಾಜುವಿನ ಮೆಸೇಜು ಬಂತು. ಅಮ್ಮ ಫೋನು ಎತ್ತುತ್ತಿಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಬಾಗಿಲಿಗೂ ಜನಗಣತಿ ಕಾಗದ ಬಂದಿತ್ತು. ಹೆಸರು, ಕಸುಬು, ಹುಟ್ಟಿದ ದೇಶ ಎಲ್ಲ ತುಂಬಿದ್ದೆ. ಅದನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರಂತೆ. ಆಗ ಯಾರಾದರೂ ಈ ಬೀದಿಯನ್ನು ಹುಡುಕಿದರೆ ಎಲೆನ್‌ಳಂತೆ ನಾನೂ ಸಿಗುತ್ತೇನೆ. ‘ಉಂಡ್ಯಾವ್ವ’ ಅಂತ ಯಾರೂ ಕೇಳದ ಊರಿನಲ್ಲಿ ನನ್ನ ಹೆಸರು ಭದ್ರವಾಗಿದೆ. ಕೇಳುವವರಿದ್ದ ಊರಿನಲ್ಲಿ ಅದಕ್ಕಾಗಿ ಜಗಳ ಆಡುತ್ತಿದ್ದೇನೆ. ಯಾವುದು ನನ್ನ ಊರು ಅಂತ ಈಗ ಯಾರಾದರೂ ಕೇಳಿದರೆ ರೇಗುತ್ತೇನೆ.

ಕಾಗದ ಅಂಚೆಗೆ ಹಾಕುವ ಮುಂಚೆ ವಿಡಿಯೋ ಕಾಲ್ ಮಾಡಿ ಅತ್ತೆಗೆ ತೋರಿಸಿದ್ದೆ. ‘ಇದ್ರಲ್ಲಿ ನನ್ನ ಎಸ್ರು ಯಾವ್ದವ್ವ?’ ಅಂದಳು. ಪುಟ್ಟಮ್ಮ ಅನ್ನುವ ಅಕ್ಷರಗಳ ಕೆಳಗೆ ಬೆರಳಿಟ್ಟೆ. ಅವಳು ಮುಖವನ್ನು ಫೋನಿಗೆ ತೀರಾ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

‘ಇಷ್ಟೇಯಾ?’ ಅಂದಳು. ‘ಇಷ್ಟ ಬರ್ಯಕ್ಕೆ ಅವತ್ತು ನಿಂಗೆ ಜಾಗ ಸಾಲ್ದಾಯ್ತಾ?’